ರಸೀದಿ ಯಾರ ಫೋನಿಗೆ?

ಅಂಗಡಿಯ ಷಟರು ಅರ್ಧ ಮಾತ್ರ ಮೇಲೇರಿದೆ. ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಕೌಂಟರಿನ ಹೆಂಗಸು ಮೊದಲ ಗಿರಾಕಿ ತಾವೇ ಆಗಿ ಒಂದು ಬ್ರೆಡ್ಡು ಕೊಳ್ಳುತ್ತಾರೆ, ತಮ್ಮದೇ ಫೋನಿಗೆ ರಸೀದಿ ಕಳಿಸಿಕೊಳ್ಳುತ್ತಾರೆ. ಫೋನು ಟಣ್ ಎನ್ನುತ್ತದೆ. ಆಮೇಲೆ ಬಿಲ್ ಯಂತ್ರದ ಮುಚ್ಚಳ ತೆಗೆದು, ಕಾಗದದ ಸುರುಳಿ ಎಷ್ಟು ಉಳಿದಿದೆ ಎಂದು ಬೆರಳಿನಿಂದ ಒತ್ತಿ ನೋಡುತ್ತಾರೆ. ಎರಡೂ ಸರಿಯಿದ್ದರೆ ಕೌಂಟರು ತೆರೆಯಿತು ಎಂದರ್ಥ. ಬ್ರೆಡ್ಡು ಅವರ ಬೆಳಗಿನ ತಿಂಡಿ.

ಜತೆಯವರು ಅವರನ್ನು ನಂಬರಕ್ಕ ಎನ್ನುತ್ತಾರೆ. ಪ್ರೀತಿಯಿಂದಲೂ ಹೌದು, ಕೊಂಚ ಕುಹಕದಿಂದಲೂ ಹೌದು. ರಿಯಾಯಿತಿ ಸಿಗಲೆಂದು ಒಂದೊಂದು ಮನೆಯವರೂ ಇಲ್ಲಿ ಒಂದೊಂದು ಫೋನ್ ನಂಬರು ಬರೆಸಿಟ್ಟಿದ್ದಾರೆ. ಮನೆಯ ಯಾರೇ ಏನೇ ಕೊಂಡರೂ ರಸೀದಿ ತಾನಾಗಿ ಆ ಫೋನಿಗೆ ಹಾರುತ್ತದೆ. ಬೇರೆ ಕೌಂಟರುಗಳಲ್ಲಿ ಗುಂಡಿ ಒತ್ತಿದರೆ ಮುಗಿಯಿತು. ನಂಬರಕ್ಕ ಮಾತ್ರ ಪ್ರತಿಯೊಬ್ಬರನ್ನೂ ಕೇಳುತ್ತಾರೆ: "ರಸೀದಿ ಫೋನಿಗೋ, ಕಾಗದದಲ್ಲೋ? ಫೋನಾದ್ರೆ ಯಾರ ಫೋನಿಗೆ?"

ಈ ಪ್ರಶ್ನೆ ಅವರ ಕುರ್ಚಿಗೇ ಕುತ್ತು ತಂದಿತ್ತು. ಸಾಲು ನಿಧಾನವಾಗುತ್ತದೆ, ಕೇಳುವುದನ್ನು ಬಿಡದಿದ್ದರೆ ಗೋದಾಮಿಗೆ ಹಾಕಬೇಕಾಗುತ್ತದೆ ಎಂದು ಮ್ಯಾನೇಜರು ಹೇಳಿಯಾಗಿತ್ತು. ಗೋದಾಮು ಎಂದರೆ ಧೂಳು, ನಂಬರಕ್ಕನಿಗೆ ಉಬ್ಬಸ. ಮದುವೆಗೆ ಮುಂಚೆ ಅವರು ಒಂದು ಚಿಕ್ಕ ಪ್ರೆಸ್ಸಿನಲ್ಲಿ ಬಿಲ್ ಪುಸ್ತಕಗಳಿಗೆ ಕಾರ್ಬನ್ ಹಾಳೆ ಸೇರಿಸಿ ಹೊಲಿಯುತ್ತಿದ್ದರು. ಅಂಗಡಿಗಳಿಗೆ ಯಂತ್ರ ಬಂದು ಪ್ರೆಸ್ಸು ಮುಚ್ಚಿತು. ಕಾಗದದ ಪುಡಿ ಎದೆಯಲ್ಲಿ ಉಳಿಯಿತು. ಹೊಟ್ಟೆಪಾಡಿಗೆ ಅದೇ ಯಂತ್ರದ ಮುಂದೆ ಬಂದು ಕೂತರು.

ಹಾಗೆಂದು ಯಂತ್ರದ ಮೇಲೆ ಅವರಿಗೆ ಸಿಟ್ಟಿಲ್ಲ. "ಕಾಗದದ ಬಿಲ್ಲು ಅಕ್ಕಿ ಡಬ್ಬದ ಕೆಳಗೆ ಹೋದ್ರೆ ಹೋಯ್ತು. ಇದು ಕಳೆಯಲ್ಲ. ಆದ್ರೆ ಹೇಳದೆ ಕೇಳದೆ ಮನೆಗೆ ಓಡಿಬಿಡುತ್ತೆ, ಅದೇ ಇದರ ಕೆಟ್ಟ ಬುದ್ಧಿ."

ಕೌಂಟರಿನ ಹಿಂದೆ ಮುಖ್ಯ ಕಚೇರಿಯೇ ಹಾಕಿಸಿದ ಮೂರು ನಿಯಮಗಳ ಹಲಗೆಯಿದೆ. ಕೊಂಡವರನ್ನು ಕೇಳದೆ ರಸೀದಿ ಕಳಿಸಬಾರದು. ಕಾಗದ ಬೇಕೆಂದರೆ ಕೊಡಬೇಕು. ರಸೀದಿಗೆಂದು ಕೊಟ್ಟ ನಂಬರಿಗೆ ಜಾಹೀರಾತು ಕಳಿಸಬಾರದು. ಹಲಗೆಯ ಮುಂದೆ ನೆಲ ಒರೆಸುವ ಮಾಪುಗಳ ಗೊಂಚಲು ನೇತುಹಾಕಿದ್ದಾರೆ. ನಡುವಿನ ನಿಯಮವಷ್ಟೇ ಪೂರ್ತಿ ಕಾಣುತ್ತದೆ.

ನಾನು ನಿಂತಿದ್ದಾಗಲೇ ಸಕ್ಕರೆ ಕಾಯಿಲೆಯ ನಿವೃತ್ತ ಮೇಷ್ಟ್ರೊಬ್ಬರು ಕ್ರೀಮ್ ಬಿಸ್ಕತ್ತು ತಂದಿಟ್ಟು, ಮನೆಯವಳ ಫೋನಿಗೆ ಮಾತ್ರ ಬೇಡ ಎಂದು ಪಿಸುಗುಟ್ಟಿದರು. ನಂಬರಕ್ಕ ತಲೆಯೆತ್ತದೆ ಕಾಗದ ಹರಿದುಕೊಟ್ಟರು. "ತಗೊಳ್ಳಿ ಮೇಷ್ಟ್ರೆ. ರಸೀದಿ ಗುಟ್ಟು ನಾನು ಕಾಯ್ತೀನಿ, ಬಿಸ್ಕತ್ತಿನ ಗುಟ್ಟು ನಿಮ್ಮ ರಕ್ತ ಪರೀಕ್ಷೆ ಕಾಯಲ್ಲ." ಸಾಲು ನಕ್ಕಿತು. ಮೇಷ್ಟ್ರು ನಕ್ಕರು, ಬಿಸ್ಕತ್ತು ಬಿಡಲಿಲ್ಲ.

ಎಲ್ಲವೂ ನಗುವಿನ ವಿಷಯವಲ್ಲ. ಹಿಂದಿನ ಬೀದಿಯ ಬೀಗ ರಿಪೇರಿಯವರ ಸಂಗತಿ ಅಂಗಡಿಗೆಲ್ಲ ಗೊತ್ತು. ಬರೆಯಲು ಅವರೇ ಒಪ್ಪಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಅವರು ಎದುರಿನ ಜೆರಾಕ್ಸ್ ಅಂಗಡಿಯಾಕೆಯನ್ನು ಮದುವೆಯಾಗಲು ನಿಶ್ಚಯಿಸಿದ್ದರು. ಮಗಳಿಗೆ ಹೇಳಲು ಬಾಯಿ ಬಂದಿರಲಿಲ್ಲ. ಅಷ್ಟರಲ್ಲಿ ಮದುವೆಯಾಗುವಾಕೆಗೆಂದು ಇಲ್ಲಿ ಏಳನೇ ಸೈಜಿನ ಚಪ್ಪಲಿ ಕೊಂಡರು. ಬೇರೆ ಕೌಂಟರಿನವರು ಗುಂಡಿ ಒತ್ತಿದರು. ಮನೆಯ ನಂಬರು ಮಗಳದ್ದು, ಮಗಳ ಕಾಲು ಐದನೇ ಸೈಜಿನದು. ಅಪ್ಪ ಮನೆ ಮುಟ್ಟುವ ಮೊದಲೇ 'ಹೆಂಗಸರ ಚಪ್ಪಲಿ, ಸೈಜು ಏಳು, ಒಂದು ಜೊತೆ' ಮನೆ ಮುಟ್ಟಿತ್ತು. ಮಗಳು ಮಾತು ಬಿಟ್ಟಳು.

ಅವರು ಚಪ್ಪಲಿ ವಾಪಸು ತಂದರೆ ಇಲ್ಲಿ ರಸೀದಿ ಕೇಳಿದರು. ರಸೀದಿಯಿದ್ದದ್ದು ಮಾತು ಬಿಟ್ಟ ಮಗಳ ಫೋನಿನಲ್ಲಿ. ನಂಬರಕ್ಕ ದಿನ, ಹೊತ್ತು ಕೇಳಿ ಬಿಲ್ಲು ಹುಡುಕಿ, ಅದರ ಪ್ರತಿಯನ್ನು ಕಾಗದದಲ್ಲಿ ತೆಗೆದುಕೊಟ್ಟರು. ಆತ ಅದನ್ನು ಓದಿ, ಮಡಿಸಿ ಜೇಬಿಗಿಟ್ಟರಂತೆ. ಆಮೇಲೆ ಚಪ್ಪಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. "ಇದನ್ನ ವಾಪಸು ಕೊಟ್ಟು ಹೋದ್ರೆ ಕಳ್ಳತನ ಮಾಡಿದ್ದೆ ಅಂತ ನಾನೇ ಒಪ್ಪಿಕೊಂಡ ಹಾಗೆ, ಅಲ್ವೇನಮ್ಮ?" ಮಗಳು ಮಾತಾಡಲು ವಾರಗಳೇ ಹಿಡಿದವು. ಮದುವೆಗೆ ಸಾಕ್ಷಿ ಸಹಿ ಅವಳದೇ.

ಅದಕ್ಕೆ ಮುಂಚೆಯೂ ಕೇಳುತ್ತಿದ್ದ ನಂಬರಕ್ಕ, ಅಂದಿನಿಂದ ಒಬ್ಬರನ್ನೂ ತಪ್ಪಿಸಿಲ್ಲ. ಮನೆಯಲ್ಲಿ ಇದೇ ತಮಾಷೆ. "ನಮ್ಮ ಸೊಸೆ ಟೀ ಕೊಡೋವಾಗ್ಲೂ ಲೋಟಕ್ಕೋ ಕಪ್ಪಿಗೋ ಅಂತ ಕೇಳ್ತಾಳೆ, ಆರಿಹೋಗಿರುತ್ತೆ" ಎಂದು ಅತ್ತೆ ದೂರುತ್ತಾರೆ. ಉಬ್ಬಸದ ಪಂಪು ಚೀಲದಲ್ಲಿದೆಯೇ ಎಂದು ದಿನಾ ನೋಡಿ ಕಳಿಸುವವರೂ ಇದೇ ಅತ್ತೆ.

ಮ್ಯಾನೇಜರು ಕೆಟ್ಟವರಲ್ಲ. "ಆ ಕೌಂಟರಿಂದ ಒಂದು ದೂರೂ ಬರಲ್ಲ, ಸಾಲೂ ಕರಗಲ್ಲ. ನಾನು ಮೇಲಿನವರಿಗೆ ಯಾವುದನ್ನ ತೋರಿಸಲಿ?" ಎನ್ನುತ್ತಾರೆ. ಕೊನೆಗೆ ಮುಖ್ಯ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದು ಒಂದು ಬೆಳಿಗ್ಗೆಯಿಡೀ ಅವರ ಬೆನ್ನ ಹಿಂದೆ ನಿಂತರು. ಹೊರಡುವ ಮುಂಚೆ, ಮನೆಯ ನಂಬರು ಇದ್ದವರನ್ನಾದರೂ ಕೇಳದೆ ಬಿಡಬಹುದಲ್ಲ ಎಂದರು. ನಂಬರಕ್ಕ ಎದ್ದು ನಿಂತು ಮಾಪುಗಳನ್ನು ಪಕ್ಕಕ್ಕೆ ಸರಿಸಿದರು. "ಈ ಹಲಗೆ ಇಳಿಸಿಬಿಡಿ ಸಾರ್, ಬಿಡ್ತೀನಿ. ಇರೋವರೆಗೂ ಕೇಳ್ತೀನಿ. ಗೋದಾಮಿಗೆ ಕಳಿಸಿದ್ರೆ ಹೋಗ್ತೀನಿ." ಹೇಳಿದ್ದೇ ಕೂತು ಮುಂದಿನ ಗಿರಾಕಿಯನ್ನು ಕೇಳಿದರು ಎಂದು ಪಕ್ಕದ ಕೌಂಟರಿನಾಕೆ ಹೇಳುತ್ತಾರೆ.

ಈ ವಾರ ಉತ್ತರ ಬಂದಿದೆ. ಕೌಂಟರು ಅವರಿಗೇ. ಆದರೆ ಬೇಗ ಬಿಲ್ ಮಾಡಿದವರಿಗೆ ತಿಂಗಳಿಗೊಮ್ಮೆ ಕೊಡುವ ಬಹುಮಾನದ ಪಟ್ಟಿಯಲ್ಲಿ ಅವರ ಹೆಸರು ಇನ್ನು ಇರುವುದಿಲ್ಲ. ಬೇಸರವಾಯಿತೇ ಎಂದು ಕೇಳುತ್ತೇನೆ. ಸಾಲಿನಲ್ಲಿ ಆಗಲೇ ಏಳೆಂಟು ಮಂದಿ. ಅವರು ಮುಂದಿನವರ ಹಾಲಿನ ಪ್ಯಾಕೆಟ್ಟು ಕೈಗೆತ್ತಿಕೊಳ್ಳುತ್ತಾರೆ.

"ಬಹುಮಾನ ಯಾರಾದ್ರೂ ತಗೊಳ್ಳಲಿ ಬಿಡಿ. ಮನುಷ್ಯ ಹೋಗಿ ಹೇಳೋ ಮುಂಚೆ ನನ್ನ ಕೌಂಟರಿಂದ ಯಾವ ಸುದ್ದಿನೂ ಅವರ ಮನೆಗೆ ಹೋಗಿಲ್ಲ. ನನಗೆ ಅಷ್ಟು ಸಾಕು."