ಐಸ್ ಗೋದಾಮಿನ ಕೊಕ್ಕೆ

ನಮ್ಮ ಕೊಟ್ಟೂರಿನ ಸಂಗ್ರಹಾಲಯ ಒಂದು ಕಾಲಕ್ಕೆ ಪಾಳೇಗಾರರು ತೋಪಿನ ಮದ್ದು ಇಡುತ್ತಿದ್ದ ಮನೆ ಎಂದು ನಿಮಗೂ ಯಾರಾದರೂ ಹೇಳಿರಬಹುದು. ಗೋಡೆ ಎರಡು ಮೊಳ ದಪ್ಪ, ಕಿಟಕಿ ಇಲ್ಲ. ಅಷ್ಟೇ ಅವರ ಸಾಕ್ಷಿ. ಹಾಗಾದರೆ ನೆಲದ ನಡುವೆ ನೀರು ಹರಿದುಹೋಗುವ ಮೋರಿ ಯಾಕಿದೆ? ಮದ್ದನ್ನು ತೊಳೆದು ಇಡುತ್ತಿದ್ದರೇ?

ಇವತ್ತು ಬೆಳಿಗ್ಗೆ ಹಂಪಸಾಗರದ ಕಡೆಯಿಂದ ಭತ್ತದ ಹೊಟ್ಟು ತಂದ ಟ್ರ್ಯಾಕ್ಟರ್ ಮಳೆಯಲ್ಲಿ ನೆನೆದು ನಿಂತಿತ್ತು. ಆ ಒದ್ದೆ ಹೊಟ್ಟಿನ ವಾಸನೆಗೆ ಹಳೆಯ ವಾದ ಮತ್ತೆ ಎದ್ದಿತು. ನಾನು ಚಿಕ್ಕವನಿದ್ದಾಗ ಆ ಸಂಗ್ರಹಾಲಯದ ಕಟ್ಟಡ ಐಸ್ ಗೋದಾಮು. ಹೊಸಪೇಟೆಯಿಂದ ಬಂದ ಐಸ್ ಗಡ್ಡೆಗಳನ್ನು ಹುಲುಗಪ್ಪ ಕೊಕ್ಕೆ ಹಾಕಿ ಒಳಗೆಳೆಯುತ್ತಿದ್ದ. ಕರಗದಿರಲೆಂದು ಅವನ ಹೆಂಡತಿ ಹನುಮಕ್ಕ ಮೇಲೆ ಹೊಟ್ಟು ಮುಚ್ಚುತ್ತಿದ್ದಳು. ಸೋಡಾ ಅಂಗಡಿಗೂ ಬೇಸಿಗೆ ಮದುವೆಗಳ ಶರಬತ್ತಿಗೂ ಅಲ್ಲಿಂದಲೇ ಐಸ್.

ಮನೆಮನೆಗೆ ಫ್ರಿಜ್ ಬಂತು, ಗೋದಾಮು ಮುಚ್ಚಿತು, ಹುಲುಗಪ್ಪ ತೀರಿಕೊಂಡ. ಸಂಗ್ರಹಾಲಯ ಮಾಡುತ್ತಾರೆಂದು ತಿಳಿದು ಹನುಮಕ್ಕ ಗಂಡನ ಕೊಕ್ಕೆಯನ್ನು ತಂದುಕೊಟ್ಟಳು. ಫಲಕ ಬರೆದವರು ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದ ಮೇಷ್ಟ್ರು. "ಪುರಾವೆ ಇಲ್ದ ಬಾಯಿ ತೆಗೀಬ್ಯಾಡ" ಎಂದು ಬೆಂಚು ಬಡಿದು ಕಲಿಸಿದವರು. ನಾನು ಬಹುಮಾನವಾಗಿ ಗೆದ್ದ ಪೆನ್ನುಗಳಿಗೆಲ್ಲ ಆ ಮಾತೇ ಕಾರಣ. ಅವುಗಳಲ್ಲಿ ಒಂದೂ ನೆಟ್ಟಗೆ ಬರೆಯುತ್ತಿರಲಿಲ್ಲ, ಅದು ಬೇರೆ ಮಾತು.

ಸಂಗ್ರಹಾಲಯ ಬಾಗಿಲು ತೆರೆದ ವಾರ ಹನುಮಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಗಾಜಿನ ಪೆಟ್ಟಿಗೆಯಲ್ಲಿ ಕೊಕ್ಕೆ; ಕೆಳಗೆ 'ಪಾಳೇಗಾರರ ಕಾಲದ ಆಯುಧ'.

"ಏನು ಬರದಾರಪ್ಪ? ಓದು."

ಹೊಸ ಸೀರೆ ಉಟ್ಟು ಬಂದಿದ್ದಳು. ನಾನು ಓದಿದೆ: "ಐಸ್ ಎಳೆಯುವ ಕೊಕ್ಕೆ. ಹುಲುಗಪ್ಪನವರದು."

"ಹುಲುಗಪ್ಪನವರು ಅಂತ ಐತೇನು?" ನಕ್ಕಳು. "ಇದ್ದಾಗ ಎಲ್ರೂ ಲೇ ಹುಲುಗ್ಯಾ ಅಂತಿದ್ರು."

ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಆಮೇಲೆ ಅವರನ್ನು ಒಂಟಿಯಾಗಿ ಹಿಡಿದು, ಆಯುಧ ಎಂದು ಯಾಕೆ ಬರೆದಿರಿ ಎಂದು ಕೇಳಿದೆ.

"ಐಸ್ ಅಂದ್ರ ಯಾರು ನೋಡಾಕ ಬರ್ತಾರಪ್ಪ?" ಅಂದರು. ನನ್ನ ಸುಳ್ಳಿನ ಮಾತನ್ನು ಅವರು ಎತ್ತಲಿಲ್ಲ. ಅವರ ಸುಳ್ಳಿನ ಬಗ್ಗೆ ವಾದಿಸುವ ಮುಖ ನನಗೂ ಇರಲಿಲ್ಲ.

ಹೊಟ್ಟಿನ ಟ್ರ್ಯಾಕ್ಟರ್ ಹತ್ತಿರವೇ ಇವತ್ತು ಹನುಮಕ್ಕ ಸಿಕ್ಕಳು. "ಮೊಮ್ಮಗಳು ಈಗ ಓದಾಕ ಕಲ್ತಾಳ. ಐತವಾರ ಕರ್ಕೊಂಡು ಹೊಂಟೀನಿ. ಅವರಜ್ಜನ ಹೆಸರು ಆಕೀನೇ ಓದ್ಲಿ."

ಅಲ್ಲಿಂದ ಸೀದಾ ಮೇಷ್ಟ್ರ ಮನೆಗೆ ಹೋದೆ. ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ವಿಷಯ ಕೇಳಿ ಸುಣ್ಣದ ಡಬ್ಬಿ ಮುಚ್ಚಿಟ್ಟರು.

"ಸರ್, ಐತವಾರದೊಳಗ ಆ ಫಲಕ ನೀವು ಬದಲು ಮಾಡ್ತೀರೋ, ಇಲ್ಲಾ ಇಲ್ಲದ್ದನ್ನ ಓದಾಕ ಆ ಹುಡುಗಿಗೂ ನಾನು ಕಲಿಸ್ಲೋ?"