ಡ್ರೈವರ್ ಸೀಟಿನಲ್ಲಿ ಕೂತು ಕೇಳಿದ ಅಕ್ಕ

ಕಳೆದ ವಾರ ನಿಮ್ಮಪ್ಪ ಹೊಸ ಗಾಡಿಗೆ ಸ್ಪೀಕರ್ ಕೂಡಿಸಿಕೊಂಡು ಬಂದನಲ್ಲ, ಹಿಂದಿನ ಬಾಗಿಲು ತೆಗೆದ ಕೂಡಲೇ ಒಂದು ವಾಸನೆ ಬಂತು. ಪ್ಲೈವುಡ್ ಡಬ್ಬಿಗೆ ಬಟ್ಟೆ ಹಚ್ಚುವ ಹಳದಿ ಅಂಟಿನ ವಾಸನೆ. ನೀವಿಬ್ಬರೂ ಮೂಗು ಮುಚ್ಚಿಕೊಂಡು ಓಡಿದಿರಿ. ನಾನು ಅಲ್ಲೇ ನಿಂತುಬಿಟ್ಟೆ. ನಿಮ್ಮಪ್ಪ ಡ್ರೈವರ್ ಸೀಟು ತೋರಿಸಿ, "ಅವ್ವಾ, ಇಲ್ಲಿ ಕೂತು ಹೆಂಗ ಕೇಳ್ಸತೈತಿ ಹೇಳು" ಎಂದ. ಮೊಣಕಾಲು ನೋವು ಎಂದು ಸುಳ್ಳು ಹೇಳಿ ಒಳಗೆ ಹೋದೆ. ನಿಮ್ಮವ್ವ ಹೊಸ್ತಿಲ ಬಳಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

ಯಾಕೆ ಸುಳ್ಳು ಹೇಳಿದೆ ಎಂದು ಬರೆದಿಡುತ್ತೇನೆ. ಬಾಯಿಂದ ಹೇಳುವುದು ನನ್ನಿಂದಾಗದು. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಆಗಲೂ ಮಾಸ್ತರರು ಕೇಳಿದ್ದಕ್ಕೆ ಪಾಟಿಯ ಮೇಲೆ ಉತ್ತರ ಬರೆದು ತೋರಿಸುತ್ತಿದ್ದೆನೇ ಹೊರತು ಎದ್ದು ನಿಂತು ಹೇಳುತ್ತಿರಲಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ನಾವು ಊರು ಬಿಟ್ಟು ದುಡಿಯಲು ಬಂದು, ಬಂದರಿನ ಊರಿನ ಮಂಗೋರ್ ಹಿಲ್‌ನ ಇಳಿಜಾರಿನಲ್ಲಿ ಒಂದು ಖೋಲಿಯಲ್ಲಿದ್ದೆವು. ನಿಮ್ಮಜ್ಜ ಬಡಿಗ. ಕಿಟಕಿ ಬಾಗಿಲು ಮಾಡುತ್ತಿದ್ದವರು, ಗಾಡಿಗಳಿಗೆ ಸ್ಪೀಕರ್ ಡಬ್ಬಿ ಮಾಡುವುದನ್ನು ಒಂದು ಅಂಗಡಿಯಲ್ಲಿ ಕಲಿತು, ಮನೆ ಪಕ್ಕದಲ್ಲೇ ತಗಡಿನ ಶೆಡ್ ಹಾಕಿಕೊಂಡು ಸ್ವಂತ ಕೆಲಸ ಶುರು ಮಾಡಿದ್ದರು. ಗಾಡಿಯ ಬ್ಯಾಟರಿಯಿಂದ ವೈರನ್ನು ಮ್ಯಾಟಿನ ಕೆಳಗೆ ಎಳೆದು ತರುವುದು, ಸೀಟಿನಡಿ ಆಂಪ್ಲಿಫೈಯರ್ ಕೂಡಿಸುವುದು, ಹಿಂದಿನ ಜಾಗ ಅಳೆದು ಅದಕ್ಕೆ ತಕ್ಕ ಡಬ್ಬಿ ಕೊಯ್ಯುವುದು, ಎಲ್ಲ ಅವರದೇ. ಡಬ್ಬಿಯೊಳಗೆ ಅರಳೆ ತುಂಬುವುದು ಮತ್ತು ಹೊರಗೆ ಬಟ್ಟೆ ಹೊಲಿದು ಹಚ್ಚುವುದು ನನ್ನ ಕೆಲಸ.

ಒಂದೇ ತೊಂದರೆ. ವರ್ಷಗಟ್ಟಲೆ ಗರಗಸದ ಮಷಿನ್ ಮುಂದೆ ನಿಂತು ಅವರ ಎಡಗಿವಿ ಮಂದವಾಗಿತ್ತು. ಡ್ರೈವರ್ ಸೀಟಿನಲ್ಲಿ ಕೂತವನಿಗೆ ಎರಡೂ ಕಡೆಯ ಸಪ್ಪಳ ಸಮ ಬರುತ್ತದೋ ಇಲ್ಲವೋ ಅವರಿಗೆ ತಿಳಿಯುತ್ತಿರಲಿಲ್ಲ. ಮೊದಲು ನನ್ನನ್ನೇ ಕೂಡಿಸಿ ಕೇಳಿದರು. ನಾನು "ಚಲೋ ಐತ್ರಿ" ಎಂದೆ. ಏನೋ ತಿರುಗಿಸಿ ಮತ್ತೆ ಕೇಳಿದರು. ಮತ್ತೆ "ಚಲೋ ಐತ್ರಿ" ಎಂದೆ. ಅವರ ಮುಖ ನೋಡಿದರೆ ನನ್ನ ಬಾಯಿಗೆ ಬೇರೆ ಮಾತು ಬರುತ್ತಿರಲಿಲ್ಲ. "ನಿನ್ನ ಕೇಳೂದೂ ಒಂದ, ಈ ಗ್ವಾಡಿ ಕೇಳೂದೂ ಒಂದ" ಎಂದು ನಕ್ಕು ಇಳಿಸಿಬಿಟ್ಟರು.

ಆಮೇಲೆ ಕರೆದದ್ದು ಪಕ್ಕದ ಖೋಲಿಯ ಅಕ್ಕನನ್ನು.

ಆಕೆಯೂ ನಮ್ಮ ಕಡೆಯವಳೇ, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ತವರಿನಲ್ಲಿ ತಂದೆಯ ಭಜನಾ ಮೇಳದಲ್ಲಿ ತಾಳ ಹಾಕಿ ಬೆಳೆದವಳು. ಗಂಡನಿಗೆ ಬಂದರಿನಲ್ಲಿ ರಾತ್ರಿಪಾಳಿ. ಆತ ಹಗಲು ಮಲಗುತ್ತಿದ್ದ. ಒಂದೇ ಖೋಲಿಯಾದ್ದರಿಂದ ಆಕೆಯ ಮನೆಯಲ್ಲಿ ಹಗಲೆಲ್ಲ ಪಾತ್ರೆಯೂ ಸಪ್ಪಳ ಮಾಡುವ ಹಾಗಿರಲಿಲ್ಲ. ರೇಡಿಯೋ ಇಲ್ಲ, ಹಾಡು ಇಲ್ಲ... ಸಂಜೆ ಆತ ಪಾಳಿಗೆ ಹೋದ ಮೇಲೆ ನಮ್ಮ ಶೆಡ್ಡಿನಲ್ಲಿ ಹಾಡು ಹಾಕುತ್ತಿದ್ದ ಗಾಡಿಗಳೇ ಆಕೆಯ ಹಾಡಿನ ಮನೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಉರಿಯುತ್ತಿತ್ತು.

ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಡ್ರೈವರ್ ಸೀಟು ಹತ್ತುತ್ತಿದ್ದಳು. ಸ್ಟೇರಿಂಗ್ ಮೇಲೆ ಒಂದು ಕೈ. ಕಣ್ಣು ಮುಚ್ಚಿ ತಲೆ ಓರೆ ಮಾಡಿ, "ಎಡಗಡಿ ಸಪ್ಪ ಆತ್ರಿ ಅಣ್ಣಾರ, ಒಂಚೂರು ಏರಸ್ರಿ" ಎನ್ನುತ್ತಿದ್ದಳು. ಇವರು ಏರಿಸುತ್ತಿದ್ದರು. "ಈಗ ಗುಂಡಗಲ್ಲು ಉಳ್ಳಿದಂಗ ಆತು, ಇಳಸ್ರಿ." ಇವರು ನಗುತ್ತ ಇಳಿಸುತ್ತಿದ್ದರು. ನಾನು ಅರಳೆಯ ಚೀಲ ಹಿಡಿದುಕೊಂಡು ಮೂಲೆಯಲ್ಲಿ ನೋಡುತ್ತಿದ್ದೆ. ನಿಮ್ಮಜ್ಜ ಕೆಟ್ಟವರಲ್ಲ, ಆಕೆಯೂ ಅಲ್ಲ. ಅವರಿಬ್ಬರ ನಡುವೆ ಇದ್ದದ್ದು ಕೆಲಸದ ಮಾತು ಮಾತ್ರ. ಆದರೆ ಅಂಥ ಒಂದು ಮಾತೂ ಅವರು ನನ್ನೊಡನೆ ಆಡುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಹೀಗಿರುವಾಗ ಕಾಣಕೋಣದ ಕಡೆಯ ಒಬ್ಬ ಹೋಟೆಲಿನವ ತನ್ನ ಕರಿ ಗಾಡಿ ತಂದು ನಿಲ್ಲಿಸಿದ. ನೀವು ಎಸ್‌ಯುವಿ ಎನ್ನುತ್ತೀರಲ್ಲ, ಅಂಥದು. ಇದು ಮನಸ್ಸಿಗೆ ಬಂದರೆ ಗೆಳೆಯರ ಗಾಡಿಗಳನ್ನೂ ಕಳಿಸುತ್ತೇನೆ ಎಂದ. ನಿಮ್ಮಜ್ಜ ನಾಲ್ಕು ದಿನ ಊಟದ ಮೇಲೆ ಲಕ್ಷ್ಯವಿಲ್ಲದೆ ದುಡಿದರು.

ಡಬ್ಬಿ ಮುಚ್ಚುವ ದಿನ ನಾನು ಒಳಗೆ ಕೈ ಹಾಕಿ ಅರಳೆ ತುಂಬುತ್ತಿದ್ದೆ. ಹೊರಗೆ ಅಕ್ಕ ಬಂದು ನಿಂತು, "ಇವತ್ತ ಮುಗೀತೈತೇನ್ರಿ ಅಣ್ಣಾರ? ನನ್ನ ಕಿವಿ ತೊಳಕೊಂಡ ಬರಲೇನು?" ಎಂದು ನಕ್ಕಳು. ಇವರೂ ನಕ್ಕರು. ಸಿಟ್ಟಿನಿಂದ ನಾನು ಅರಳೆಯನ್ನು ಗುದ್ದಿ ತುರುಕಿದೆ. ಕಟ್ಟಿಗೆಯ ಅಂಚಿಗೆ ಬಡಿದು ಬಲಗೈಯ ಒಂದು ಬಳೆ ಎರಡಾಯಿತು. ದೊಡ್ಡ ಚೂರು ಕೈಗೆ ಸಿಕ್ಕಿತು, ಸಣ್ಣದು ಸಿಗಲಿಲ್ಲ.

"ಆತೇನ?" ಎಂದರು ಇವರು.

"ಆತ್ರಿ" ಎಂದೆ.

ಅಂಟು ಹಚ್ಚಿ ಸ್ಕ್ರೂ ಬಿಗಿದುಬಿಟ್ಟರು. ಮೊದಲು ಸುಮ್ಮನಿದ್ದದ್ದು ಅಂಜಿಕೆಗೆ. ಕೆಲಸ ಮುಗಿಯುವ ದಿನ ಮುತ್ತೈದೆಯ ಬಳೆ ಒಡೆಯಿತು ಎಂದು ಹೇಗೆ ಹೇಳುವುದು? ಆದರೆ ಸಂಜೆ ಇವರು ಅಕ್ಕನನ್ನು ಕರೆಯಲು ಹೋದಾಗ ನನ್ನೊಳಗೆ ಬೇರೊಂದು ವಿಚಾರ ಹುಟ್ಟಿತ್ತು. ಆಕೆಗೆ ಆ ಚೂರಿನ ಸಪ್ಪಳ ಕೇಳದೆ ಹೋಗಲಿ. ಗಾಡಿ ಒಯ್ದವನು ತಿರುಗಿ ಬಂದು ಬೈಯಲಿ. ಆಗ ಆಕೆಯ ಕಿವಿ ಎಂಥದೆಂದು ಇವರಿಗೆ ತಿಳಿಯಲಿ... ನಿಮ್ಮಜ್ಜನ ನಾಲ್ಕು ದಿನದ ದುಡಿತ ಹಾಳಾದರೂ ಆಗಲಿ ಎಂದುಕೊಂಡವಳು ನಾನು.

ಅಕ್ಕ ಕೂತಳು. ಹಾಡು ಶುರುವಾಯಿತು. ಡೋಲಿನ ಪೆಟ್ಟು ಬಿದ್ದ ಕೂಡಲೇ ಆಕೆಯ ಕಣ್ಣು ತೆರೆಯಿತು. "ಇನ್ನೊಮ್ಮಿ ಹಾಕ್ರಿ" ಎಂದಳು. ಎರಡನೆಯ ಸಲ ಆಕೆ ಹಾಡು ಕೇಳಲಿಲ್ಲ. ಗಾಜಿನಾಚೆಯಿಂದ ನನ್ನ ಕೈ ನೋಡಿದಳು. ಎಡಗೈ ತುಂಬ ಬಳೆ, ಬಲಗೈಯಲ್ಲಿ ಒಂದು ಕಡಿಮೆ. ನಾನು ಸೆರಗು ಎಳೆದುಕೊಂಡೆ.

ಈಗ ಹೇಳುತ್ತಾಳೆ ಎಂದು ಕಾಯುತ್ತಿದ್ದೆ. ಆಕೆ ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡಳು.

"ನೆಗಡಿ ಆಗೇತ್ರಿ ಅಣ್ಣಾರ, ಕಿವಿ ಗುಂಯ್ ಅನ್ನಾಕತ್ತಾವು. ತಂಗಿನ್ನ ಕೂಡಸ್ರಿ."

"ಆಕಿನ್ನ? ಆಕಿಗಿ ಗುಡುಗು ಬಡದ್ರೂ ಚಲೋನ ಕೇಳ್ಸತೈತಿ!"

"ನೀವು ಮುಂದ ನಿಂತು ದಿಟ್ಟಿಸಿದ್ರ ಪಾಪ ಆಕಿ ಏನ ಹೇಳ್ಯಾಳು? ಬಾಗಲಾ ಹಾಕಿ ಆ ಕಡಿ ಮಾರಿ ಮಾಡಿ ನಿಂದರ್ರಿ. ಹೂಂ, ಹತ್ತು ತಂಗಿ."

ನನ್ನ ತೋಳು ಹಿಡಿದು ಹತ್ತಿಸಿದವಳು ಆಕೆಯೇ. ಬಾಗಿಲು ಮುಚ್ಚಿತು. ಅಂಟಿನ ವಾಸನೆ, ಎದೆಗೆ ಬಡಿಯುವ ಸಪ್ಪಳ, ಅದರ ಹಿಂದೆಯೇ ಕಿಣ್ ಎಂದು ನನ್ನ ಬಳೆ. ಹೊರಗೆ ನಿಮ್ಮಜ್ಜ ಖರೇನೇ ಬೆನ್ನು ತಿರುಗಿಸಿ ನಿಂತಿದ್ದರು. ಅವರ ಅಂಗಿಯ ಬೆನ್ನ ಮೇಲೆ ಕಟ್ಟಿಗೆಯ ಹೊಟ್ಟು ಅಂಟಿತ್ತು. ಆ ಬೆನ್ನು ನೋಡಿ ನನಗೆ ಬಾಯಿ ಬಂತು. ಗಾಜು ಇಳಿಸಿ ಹೇಳಿದೆ: "ಒಳಗ ಬಳಿ ಚೂರು ಐತ್ರಿ. ಬಿಚ್ಚಬೇಕು."

ಬಿಚ್ಚಿದರು. ಅರಳೆಯ ಕೆಳಗೆ, ಕಟ್ಟಿಗೆಗೆ ತಾಗಿ, ಹಸಿರು ಚೂರು ಸಿಕ್ಕಿತು. ಬೈಯಲಿಲ್ಲ. ಅಂಗೈಯಲ್ಲಿಟ್ಟುಕೊಂಡು, "ಇಷ್ಟು ಸಣ್ಣದು ನಿನಗ ಕೇಳಿಸ್ತಾ?" ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. "ಕೇಳಿಸ್ತ್ರಿ" ಎಂದೆ. ಮೊದಲೇ ಗೊತ್ತಿತ್ತು ಎಂದು ಹೇಳಲಿಲ್ಲ. ಅಕ್ಕನ ಕಡೆ ನೋಡಿದೆ. ಆಕೆ ಆಗಲೇ ತನ್ನ ಬಾಗಿಲು ದಾಟಿ ಒಳಗೆ ಹೋಗಿದ್ದಳು.

ಗಾಡಿಯವನು ಖುಷಿಯಾದ. ಅವನ ಗೆಳೆಯರೂ ಬಂದರು. ಅಂದಿನಿಂದ ಡ್ರೈವರ್ ಸೀಟಿಗೆ ನಿಮ್ಮಜ್ಜ ನನ್ನನ್ನೇ ಕರೆದರು. ಎಡ ಯಾವುದು, ಬಲ ಯಾವುದು, ಎಲ್ಲಿ ಒಡಕು ಬರುತ್ತದೆ ಎಂದು ಹೇಳಲು ನಿಧಾನವಾಗಿ ಕಲಿತೆ. ಬೆನ್ನು ತಿರುಗಿಸಿ ನಿಲ್ಲುವುದನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಅಕ್ಕ ಮತ್ತೆ ಶೆಡ್ಡಿಗೆ ಬರಲಿಲ್ಲ. ನಾವು ಹಾಡು ಹಾಕಿದಾಗ ಆಕೆ ತನ್ನ ಹೊಸ್ತಿಲ ಬಳಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು. ಕೈ ನಿಂತುಬಿಡುತ್ತಿತ್ತು. ನಾನು ಸೀಟಿನಿಂದಲೇ ನೋಡುತ್ತಿದ್ದೆ. ಪಕ್ಕದ ಸೀಟು ಖಾಲಿ, ಹಿಂದಿನದೂ ಖಾಲಿ. "ಬಾ ಅಕ್ಕಾ" ಎಂದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಬಂದರೆ ಮತ್ತೆ ಆಕೆಯನ್ನೇ ಕೇಳುತ್ತಾರೆ ಎಂಬ ಹೆದರಿಕೆ. ಆಕೆಗೆ ಕೇಳದಿರಲೆಂದು ಗಾಡಿಯ ಗಾಜನ್ನೂ ಏರಿಸಿದ್ದೇನೆ, ಮಕ್ಕಳೇ. ಎಷ್ಟೋ ಸಲ.

ಎರಡು ವರ್ಷದ ಮೇಲೆ ಆಕೆಯ ಗಂಡನಿಗೆ ಕುಡಚಡೆಯಲ್ಲಿ ಕೆಲಸ ಸಿಕ್ಕು ಅವರು ಖೋಲಿ ಬಿಟ್ಟರು. ಹೊರಡುವ ದಿನ ಅರಿಷಿಣ ಕುಂಕುಮ ಕೊಟ್ಟೆ. ಆಕೆ ನನ್ನ ಬಲಗೈ ಹಿಡಿದು ಬಳೆಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. "ಎಲ್ಲಾ ಅದಾವಲ್ಲ?" ಎಂದು ನಕ್ಕಳು. ನಾನು ಮತ್ತೆ ಸೆರಗು ಎಳೆದುಕೊಂಡೆ. ಕುಡಚಡೆ ಏನು ದೂರ, ರೈಲು ಹತ್ತಿದರೆ ಬಂತು. ಹೋಗಲಿಲ್ಲ. ಕೊನೆಗೆ ಯಾರದೋ ಮದುವೆಯಲ್ಲಿ ಆಕೆಯ ಊರಿನವರು ಸಿಕ್ಕು, ತೀರಿಕೊಂಡು ವರ್ಷವಾಯಿತು ಎಂದರು...

ಈಗ ನಿಮ್ಮಜ್ಜನೂ ಇಲ್ಲ. ಆ ಚೂರಿನ ಖರೇ ಸಂಗತಿ ಅವರಿಗೆ ಕೊನೆಗೂ ತಿಳಿಯಲಿಲ್ಲ. ತಿಳಿದವಳು ಒಬ್ಬಳೇ ಇದ್ದಳು, ಆಕೆಯೂ ಹೋದಳು. ನನ್ನ ಎರಡು ಕೈಗಳೂ ಬರಿದು.

ನಿಮ್ಮಪ್ಪ ಇನ್ನೊಮ್ಮೆ ಕರೆದರೆ ಬರುತ್ತೇನೆ. ನನ್ನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ. ಡ್ರೈವರ್ ಸೀಟಿಗೆ ನಿಮ್ಮವ್ವನನ್ನು ಹತ್ತಿಸಿ, ನಿಮ್ಮಪ್ಪನಿಗೆ ಆ ಕಡೆ ಮುಖ ಮಾಡಿ ನಿಲ್ಲಲು ಹೇಳಿ. ಹೊಸ್ತಿಲ ಬಳಿ ನಿಂತಿದ್ದಳಲ್ಲ ಅಂದು, ಆಕೆಗೆ ಹೇಗೆ ಕೇಳಿಸುತ್ತದೆ ಎಂದು ನಾವು ಯಾರೂ ಕೇಳಲೇ ಇಲ್ಲ.