ಹಾರದವನ ಎದೆಗೆ ರೆಕ್ಕೆ

ಪ್ಯಾಂಟಿಗೆ ಜಿಪ್ ಹಾಕಿಸಲು ನಂಜನಗೂಡಿನ ದರ್ಜಿ ಅಂಗಡಿಗೆ ಹೋಗಿದ್ದೆ. ತಾಂಡ್ಯದ ಕಾರ್ಖಾನೆಗಳಿಗೆ ಕಾವಲುಗಾರರನ್ನು ಒದಗಿಸುವವನೊಬ್ಬ ಅಲ್ಲಿ ಕೂತು ತನ್ನ ಪಡೆಗೆ ಲಾಂಛನ ಮಾಡಿಸುತ್ತಿದ್ದ. ಪಡೆ ಎಂಬುದು ಅವನದೇ ಮಾತು. ಹನ್ನೊಂದು ಜನ, ಗೇಟಿನಲ್ಲಿ ಕಾರ್ಮಿಕರ ಊಟದ ಡಬ್ಬಿ ತೆರೆಸಿ ನೋಡುವುದು ಅವರ ಕೆಲಸ.

ಮೊಬೈಲಿನಲ್ಲಿ ಕಂಡದ್ದೆಲ್ಲ ಅವನಿಗೆ ಬೇಕಿತ್ತು. ತೋಳಿಗೆ ಬಾಯಿ ತೆರೆದ ಹುಲಿ, ಕೆಳಗೆ ಅಡ್ಡಕತ್ತಿ, ಪಕ್ಕದಲ್ಲಿ ಲಂಗರು. ಹರಿಗೋಲಿಗಿಂತ ದೊಡ್ಡದೇನೂ ತೇಲದ ಕಪಿಲೆಯ ದಡದಲ್ಲಿ ಲಂಗರು ಏಕೆಂದು ದರ್ಜಿ ಕೇಳಲಿಲ್ಲ. ಎದೆಗೆ ಪ್ಯಾರಾಚೂಟ್, ಅದರ ಎರಡೂ ಬದಿಗೆ ಜರಿಯ ರೆಕ್ಕೆ.

ಆ ಹನ್ನೊಂದರಲ್ಲಿ ಸೇನೆ ಕಂಡವನು ಒಬ್ಬನೇ. ಹುಲ್ಲಹಳ್ಳಿಯವನು, ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ, ಸೇನೆಯಲ್ಲಿ ಲಾರಿ ಓಡಿಸಿದ್ದ. ಮಗಳ ನರ್ಸಿಂಗ್ ಓದು ಮುಗಿಯುವ ತನಕ ಈ ಕೆಲಸ ಅವನಿಗೆ ಬೇಕೇ ಬೇಕಿತ್ತು. ಅಂಗಿ ತೆಗೆದುಕೊಳ್ಳಲು ಬಂದವನು ರೆಕ್ಕೆಯ ಮೇಲೆ ಬೆರಳಿಟ್ಟ.

“ಇದೊಂದು ಬ್ಯಾಡ ಸಾ. ಇಮಾನದಿಂದ ಜಂಪ್ ಮಾಡಿದೋರ್ಗೆ ಮಾತ್ರ ಕೊಡೋದು ಇದ. ನಾ ಮಾಡಿಲ್ಲ.”

“ತಾಂಡ್ಯದಲ್ಲಿ ಯಾರ್ ಕೇಳ್ತಾರ್ರೀ ಹವಾಲ್ದಾರ್ರೇ? ಚೆಂದಾಗ್ ಕಾಣ್ತದೆ, ಹಾಕ್ಕಳಿ,” ಎಂದ ಪಡೆಯ ಮಾಲೀಕ.

“ಜಂಪ್ ಮಾಡೋರ್ನ ಲಾರೀಲಿ ಕರ್ಕೊಂಡೋಗಿ ಬಿಡ್ತಿದ್ದೋನು ನಾನು. ಇಳಿದ ಜಾಗದಿಂದ ವಾಪಸ್ ತರ್ತಿದ್ದೋನೂ ನಾನೇ. ಕಾಲ್ ಮುರ್ಕೊಂಡೋರ್ನೂ ತಂದಿವ್ನಿ.”

“ಅಂಗಾದ್ರೆ ನಿಮ್ಗೆ ಲಾರಿ ಹೊಲಿಸ್ಲಾ?” ಮಾಲೀಕ ನಕ್ಕ. ದರ್ಜಿಯೂ ನಕ್ಕ, ದೊಡ್ಡ ಆರ್ಡರು.

“ಹೊಲಿಸಿ ಸಾ. ಒಂದು ಚಕ್ರ ಇದ್ರೆ ಸಾಕು. ಅದು ನಂದೇಯ.”

ಅವನು ತಮಾಷೆ ಮಾಡುತ್ತಿರಲಿಲ್ಲ. ಸೇನೆಯಲ್ಲಿ ತೋಳಿನ ಒಂದೊಂದು ಪಟ್ಟಿಯೂ ಏನೋ ಮಾಡಿದ್ದರ ಗುರುತು ಎಂದು ಹಿಂದೊಮ್ಮೆ ನನಗೆ ಹೇಳಿದ್ದ. ಇಲ್ಲಿ ನೋಡುತ್ತಿದ್ದದ್ದು ಜರಿ ಎಷ್ಟು ಹೊಳೆಯುತ್ತದೆ ಎಂಬುದನ್ನಷ್ಟೇ.

ಸೋಮವಾರ ಅವನು ರೆಕ್ಕೆಯನ್ನು ಪ್ಯಾರಾಚೂಟ್ ಸಮೇತ ಬ್ಲೇಡಿನಿಂದ ಬಿಚ್ಚಿ, ಹುಲಿ, ಕತ್ತಿ, ಲಂಗರು ಎಲ್ಲವನ್ನೂ ಹಾಗೇ ಬಿಟ್ಟು ಕೆಲಸಕ್ಕೆ ಹೋದ. ಸಂಜೆ ಮನೆ ಮುಂದೆ ಸಿಕ್ಕಾಗ ಜೇಬಿನ ಮೇಲೆ ಸೂಜಿಯ ತೂತುಗಳ ಸಾಲು ಕಾಣುತ್ತಿತ್ತು.

“ತೆಗೆದಾಕುದ್ರು ಸಾ,” ಎಂದ.

“ಏನಂತೆ ಕಾರಣ?”

“ಶಿಸ್ತಿಲ್ವಂತೆ ನಂಗೆ.”

ಹದಿನೇಳು ವರ್ಷ ಸೇನೆಯಲ್ಲಿದ್ದವನಿಗೆ ಇದನ್ನು ಹೇಳಿದ್ದು, ಶಾಲೆಯ ಡ್ರಿಲ್ ಬಿಟ್ಟರೆ ಬೇರೇನೂ ಮಾಡದ ಮನುಷ್ಯ.

ಒಂದು ತಿಂಗಳು ಅಲೆದ ಮೇಲೆ ಅವನಿಗೆ ತಿ. ನರಸೀಪುರದಲ್ಲಿ ಶಾಲಾ ಬಸ್ ಓಡಿಸುವ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಓಡಾಟ ಹೆಚ್ಚು. ಮಗಳ ಓದು ನಿಲ್ಲಲಿಲ್ಲ. ಖಾಕಿ ಅಂಗಿಯ ಮೇಲೆ ಏನೂ ಇಲ್ಲ.

ಬಿಚ್ಚಿದ ರೆಕ್ಕೆಯನ್ನು ಅವನು ಅಂಗಡಿಗೇ ಹಿಂತಿರುಗಿಸಿದ್ದ. ಅವನ ಕೆಲಸ ಹೋದ ವಾರವೇ ನಾನು ಪ್ಯಾಂಟ್ ತರಲು ಹೋದಾಗ ದರ್ಜಿ ಅದನ್ನು ಅವನ ಜಾಗಕ್ಕೆ ಬಂದ ಚಿಕ್ಕಯ್ಯನಛತ್ರದವನ ಅಂಗಿಗೆ ಹೊಲಿದು ಮುಗಿಸಿದ್ದ. ಪ್ಯಾರಾಚೂಟ್ ತಲೆಕೆಳಗಾಗಿತ್ತು. ಮಾಲೀಕ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದ.

“ಈಗ ನೋಡು, ಎಂಗ್ ಮಿಂಚ್ತದೆ!” ಎಂದ.